ಟೊಕ್ ಟೊಕ್ ನಿಂತ ಮಧ್ಯಾಹ್ನ

ಸಾಗಿಯೊ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡತೊಡಗಿ ಎರಡು ವರ್ಷವಾಗಿತ್ತು. ಒಂದು ಲೋಟ ಚಹಾವನ್ನು ಕೂತಲ್ಲೇ ಕೂತು ಮುಗಿಸಿದ್ದನ್ನು ಅವನ ಹೆಂಡತಿ ಪೈನಾ ಈ ಎರಡು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಜಗಲಿಯ ಮೇಲೆ ಒಂದು ಗುಟುಕು ಹೀರುತ್ತಿದ್ದ. ಅಷ್ಟರಲ್ಲಿ ಹಿತ್ತಲಲ್ಲಿ ಬಾಳೆಯ ಒಣ ಎಲೆ ಸರಕ್ಕೆಂದರೆ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಹೋಗುತ್ತಿದ್ದ. ಪಕ್ಕದ ಮನೆಯ ಮುದಿ ಮೋಟಾರ್‌ಸೈಕಲ್ ದಿನವೂ ಮೂರನೇ ಒದೆತಕ್ಕೆ ಹತ್ತಿಕೊಳ್ಳುವಂಥದ್ದು. ಯಾವತ್ತಾದರೂ ನಾಲ್ಕನೇ ಒದೆತ ಬೇಕಾಯಿತೆಂದರೆ ಇವನ ಚಹಾ ಅಂಗಿಯ ಮೇಲೆ ಚೆಲ್ಲಿರುತ್ತಿತ್ತು.

"ಗಾಡಿ ಅವರದ್ದು, ಪೆಟ್ರೋಲು ಅವರದ್ದು, ಒದೆಯೋ ಕಾಲೂ ಅವರದ್ದೇ. ನಿಮಗ್ಯಾಕೆ ಎದೆ ಹೊಡ್ಕೊಳ್ಳುತ್ತೆ?" ಎಂದು ಪೈನಾ ರೇಗುತ್ತಿದ್ದಳು.

ಯಾಕೆಂದು ಅವನಿಗೆ ಗೊತ್ತಿತ್ತು. ಹೇಳುತ್ತಿರಲಿಲ್ಲ. ಅಂಗಿ ಬದಲಿಸಿಕೊಂಡು ಬಂದು, ಮತ್ತೆ ಬಾಗಿಲಲ್ಲಿ ನಿಂತು, ಉತ್ತರಕ್ಕೆ ಮೆರಾಪಿ ಅಗ್ನಿಪರ್ವತದ ತುದಿಯ ಕಡೆ ಮುಖ ಮಾಡುತ್ತಿದ್ದ. ಬೆಟ್ಟ ಮೋಡದೊಳಗೆ ಇದ್ದರೆ ಅವನಿಗೆ ಚಡಪಡಿಕೆ, ಮೋಡವಿಲ್ಲದೆ ಬರಿದಾಗಿ ಕಂಡರೆ ಇನ್ನೂ ಚಡಪಡಿಕೆ.

ಹಿಂದೆ ಹೀಗಿರಲಿಲ್ಲ ಅವನು. ಸೆಂಗೋನ್ ಹೊಳೆಯ ದಂಡೆಯ ಮೇಲೇ ಹುಟ್ಟಿದವನು, ಹತ್ತೊಂಬತ್ತಕ್ಕೆ ಸಲಿಕೆ ಹಿಡಿದು ಹೊಳೆಗೆ ಇಳಿದವನು. ಆ ಊರಿನವರಿಗೆ ಹೊಳೆ ಎಂದರೆ ನೀರಿಗಿಂತ ಮೊದಲು ಮರಳು. ಬೆಟ್ಟ ಉಗುಳಿದ ಬೂದಿಯೂ ಕಲ್ಲೂ ತುದಿಯಲ್ಲಿ ಗುಡ್ಡೆಬಿದ್ದಿರುತ್ತವೆ. ಮೇಲೆ ಮಳೆ ಹೊಡೆದಾಗ ಅದೆಲ್ಲ ಕೆಸರಾಗಿ, ಮನೆಯಷ್ಟು ದೊಡ್ಡ ಬಂಡೆಗಳನ್ನೂ ಉರುಳಿಸಿಕೊಂಡು ಕೆಳಗೆ ನುಗ್ಗುತ್ತದೆ. ಅದಕ್ಕೆ ಲಾಹಾರ್ ಎನ್ನುತ್ತಾರೆ. ಅದು ಬಂದು ಹೋದ ಮೇಲೆ ಹೊಳೆಯ ತುಂಬ ಹೊಸ ಕಪ್ಪು ಮರಳು ಬಿದ್ದಿರುತ್ತದೆ, ಊರಿಗೆ ಊರೇ ಸಲಿಕೆ ಹಿಡಿದು ಇಳಿಯುತ್ತದೆ. ಕೊಲ್ಲುವುದೂ ಅದೇ, ಅನ್ನ ಹಾಕುವುದೂ ಅದೇ. ಇದರ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಲವತ್ತಕ್ಕೆ ಸಾಗಿಯೊನ ಸೊಂಟ ಹಿಡಿದುಕೊಂಡಿತು. ಮರಳು ಅಗೆಯುವವರ ಗುಂಪಿನ ಹಿರಿಯ ಲೆಗಿಮಾನ್, ಹಿರಿಯರನ್ನು ಅಲ್ಲಿ ಕರೆಯುವಂತೆ ಪಾಕ್ ಲೆಗಿಮಾನ್, "ಸೊಂಟ ಹೋದ್ರೆ ಹೋಗ್ಲಿ ಬಿಡು, ನಿನ್ನ ಕಿವಿ ಇದೆಯಲ್ಲ" ಎಂದು ಅವನನ್ನು ದಂಡೆಯ ಮೇಲಿನ ಕಾವಲು ಗುಡಿಸಲಿಗೆ ಹಾಕಿದ. ಕಿವಿ ಎಂದರೆ ಅಂಥಿಂಥ ಕಿವಿಯಲ್ಲ. ತಿರುವಿನಾಚೆ ಲಾರಿ ಗೇರು ಬದಲಿಸಿದರೆ ಯಾರ ಲಾರಿ ಎಂದು ಹೇಳುತ್ತಿದ್ದ. ವಾಕಿಟಾಕಿಯಲ್ಲಿ ಮಾತು ಬರುವ ಮುಂಚಿನ ಗೊರಗೊರದಲ್ಲೇ ಬೆಟ್ಟ ಕಾಯುವ ಮೇಲಿನ ಯಾವ ಠಾಣೆಯವರು ಗುಂಡಿ ಒತ್ತಿದ್ದಾರೆಂದು ಹೇಳುತ್ತಿದ್ದ. ಗುಡಿಸಲಲ್ಲಿ ಅವನಿಗೆ ಎರಡು ಸಾಮಾನು. ಒಂದು ಆ ವಾಕಿಟಾಕಿ. ಇನ್ನೊಂದು, ಅವನ ಅಪ್ಪ ಹಲಸಿನ ಮರ ಕೊರೆದು ಮಾಡಿದ ಟೊಳ್ಳು ಕೆಂತೋಂಗನ್, ತೊಲೆಗೆ ನೇತುಹಾಕಿದ್ದು.

ಪದ್ಧತಿ ಅಪ್ಪನ ಕಾಲದ್ದೇ. ಹತ್ತು ಉಸಿರಿಗೊಮ್ಮೆ ಕೆಂತೋಂಗನ್ ಮೇಲೆ ಎರಡು ಪೆಟ್ಟು ಹಾಕಬೇಕು. ಟೊಕ್ ಟೊಕ್. ಎಲ್ಲ ಸರಿಯಿದೆ, ಅಗೆಯುತ್ತಿರಿ ಎಂದು ಅರ್ಥ. ಹೊಸದಾಗಿ ಹೊಳೆಗಿಳಿದವರು ಮೊದಲ ದಿನ ಆ ಸದ್ದಿಗೆ ಕಿವಿ ಕೊಡುತ್ತಾರೆ. ಮೂರನೇ ದಿನಕ್ಕೆ ಅದು ಅವರ ಪಾಲಿಗೆ ಇಲ್ಲವೇ ಇಲ್ಲ. ಹರಟುತ್ತಾರೆ, ಬೈದಾಡುತ್ತಾರೆ, ಮರಳು ಜರಡಿ ಹಿಡಿಯುತ್ತಾರೆ. ಆದರೆ ಪೆಟ್ಟು ಬಿರುಸಾದರೆ ಸಾಕು, ಏನಾಯಿತೆಂದು ಮನಸ್ಸಿಗೆ ಹೊಳೆಯುವ ಮೊದಲೇ ತಲೆ ಮೇಲಕ್ಕೆದ್ದಿರುತ್ತದೆ. ನಿಂತರೂ ಅಷ್ಟೇ. ಬಿರುಸಾದರೆ ಓಡು, ನಿಂತರೂ ಓಡು. ಕಾವಲಿನವನೇ ಬಿದ್ದಿರಬಹುದು, ಅವನೇ ಓಡಿರಬಹುದು, ಕಾರಣ ಕೇಳುತ್ತಾ ನಿಲ್ಲಬಾರದು.

ಹದಿನಾಲ್ಕು ವರ್ಷ ಸಾಗಿಯೊ ಆ ಎರಡು ಪೆಟ್ಟನ್ನು ತಪ್ಪಿಸಿರಲಿಲ್ಲ. ಆಮೇಲೆ ಮೆಂದುಂಗ್ ಬಂತು.

ಮೆಂದುಂಗ್ ಎಂದರೆ ಮೋಡ. ಅವನು ಸಾಕಿದ ಪೆರ್ಕುತುತ್ ಹಕ್ಕಿಯ ಹೆಸರು ಅದು, ಮುಷ್ಟಿಯೊಳಗೆ ಹಿಡಿಸುವಷ್ಟು ಸಣ್ಣ ಬೆಳವ. ಜಾವಾದ ಗಂಡಸು ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿದ ಮೇಲೆ ಅಂಗಳದ ಕಂಬಕ್ಕೆ ಒಂದು ಪೆರ್ಕುತುತ್ ಪಂಜರ ಏರಿಸದಿದ್ದರೆ ಏನೋ ಬಾಕಿ ಉಳಿದವನ ಹಾಗೆ ಇರುತ್ತಾನೆ. ಸಾಗಿಯೊ ಹೆಂಡತಿಯ ತಮ್ಮ ಮಾರ್ದಿಯನ್ನು ಕರೆದುಕೊಂಡು ಪೇಟೆಗೆ ಹೋಗಿ ಇಡೀ ದಿನ ಕೇಳಿ ಕೇಳಿ ಆರಿಸಿದ ಹಕ್ಕಿ ಅದು. ಸಾಧಾರಣ ಪೆರ್ಕುತುತ್ ನಾಲ್ಕು ಪೆಟ್ಟಿನಲ್ಲಿ ಕೂಗಿ ಸುಮ್ಮನಾಗುತ್ತದೆ. ಮೆಂದುಂಗ್ ಒಂದೊಂದು ಮಧ್ಯಾಹ್ನ ನಾಲ್ಕು ಮುಗಿಸಿ ಐದನೆಯದಕ್ಕೆ ಗಂಟಲು ಉಬ್ಬಿಸುತ್ತಿತ್ತು, ಆಮೇಲೆ ನುಂಗಿಕೊಳ್ಳುತ್ತಿತ್ತು. ಆ ಐದನೆಯದು ಹೊರಗೆ ಬಂದರೆ ತಾಲೂಕಿನ ಹಕ್ಕಿ ಸ್ಪರ್ಧೆಯಲ್ಲಿ ಎದುರಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಸಾಗಿಯೊಗೆ ಮತ್ತು ಮಾರ್ದಿಗೆ ಮಾತ್ರ.

ಸ್ಪರ್ಧೆಗೆ ನಾಲ್ಕು ದಿನವಿತ್ತು. ಮನೆಯಲ್ಲಿ ಪಕ್ಕದವರ ಮೋಟಾರ್‌ಸೈಕಲ್ ಗಲಾಟೆ. ಸಾಗಿಯೊ ಪಂಜರಕ್ಕೆ ಬಟ್ಟೆ ಸುತ್ತಿ, ಬುತ್ತಿಯ ಗಂಟಿನಂತೆ ಹಿಡಿದುಕೊಂಡು ಕಾವಲು ಗುಡಿಸಲಿಗೆ ಒಯ್ದ. ಹೊಳೆಗಿಳಿಯುವ ದಾರಿಯಲ್ಲಿ, ಭಾವನನ್ನು ಕಾಂಗ್, ಅಂದರೆ ಅಣ್ಣ, ಎಂದೇ ಕರೆಯುವ ಮಾರ್ದಿ ಕಣ್ಣು ಮಿಟುಕಿಸಿ, "ಕಾಂಗ್, ಐದು ಬಂದ್ರೆ ನನಗೂ ಕೇಳೋ ಹಾಗೆ ಕೂಗ್ಸಿ" ಎಂದು ನಕ್ಕು ಕೆಳಗಿಳಿದಿದ್ದ.

ಮುಂದಿನದನ್ನು ಸಾಗಿಯೊ ಯಾರಿಗೂ ಹೇಳಿರಲಿಲ್ಲ, ತನಗೆ ತಾನೇ ಮಾತ್ರ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ. ಊಟದ ಹೊತ್ತು ಕಳೆದಿತ್ತು. ಕೆಳಗೆ ಬಿಸಿಲು, ಬೆಟ್ಟದ ತುದಿ ಮಾತ್ರ ಕಪ್ಪಗಿತ್ತು. ಮೆಂದುಂಗ್ ಕೂಗತೊಡಗಿತು. ವಾಕಿಟಾಕಿಯ ಗೊರಗೊರ ಅಡ್ಡ ಬರುತ್ತದೆಂದು ಅವನು ಅದರ ಸದ್ದು ಇಳಿಸಿದ. ನಾಲ್ಕು ಪೆಟ್ಟು. ಮತ್ತೆ ನಾಲ್ಕು. ಐದನೆಯದರ ಅರ್ಧ ಗಂಟಲಿಂದ ಹೊರಗೆ ಬಂತು. ಕೆಂತೋಂಗನ್ ಬಡಿಯುವ ಹೊತ್ತು. ಈಗ ಬಡಿದರೆ ಹಕ್ಕಿ ಬೆದರುತ್ತದೆ, ಇದೊಂದು ಸಲ ಬಿಡೋಣ ಎಂದು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಹಕ್ಕಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಕತ್ತು ಚಾಚಿ, ಗರಿ ಮೈಗೆ ಬಿಗಿದು ಕೂತಿತು. ಈಗ ಬರುತ್ತದೆ, ಈಗ ಐದೂ ಬರುತ್ತದೆ ಎಂದು ಸಾಗಿಯೊ ಮೈಯೆಲ್ಲ ಕಿವಿಯಾಗಿ ಆ ಒಂದು ಗಂಟಲನ್ನೇ ಕಾದ. ಎಷ್ಟು ಹೊತ್ತು ಕಾದನೋ. ಕಾಲಡಿಯ ಬಿದಿರು ಹಾಸು ನಡುಗಿದಾಗಲೇ ಅವನು ತಲೆ ಎತ್ತಿದ್ದು. ಹೊಳೆ ಆಗಲೇ ತಿರುವಿಗೆ ಬಂದಾಗಿತ್ತು.

ಕೆಳಗೆ ಅಗೆಯುತ್ತಿದ್ದ ಐವರಲ್ಲಿ ನಾಲ್ವರು ಅಷ್ಟರಲ್ಲಿ ದಂಡೆಯ ಅರ್ಧ ಹತ್ತಿದ್ದರು. ಮಾರ್ದಿ ಹತ್ತಿರಲಿಲ್ಲ. ಮೂರನೇ ದಿನ ಕೆಳಗಿನ ಒಡ್ಡಿನ ಹತ್ತಿರ ಸಿಕ್ಕಿದ.

"ವಾಕಿಟಾಕಿ ಬ್ಯಾಟರಿ ಹೋಗಿತ್ತು. ಹೊಳೆ ಸದ್ದು ಕೇಳಿಸ್ಲಿಲ್ಲ" ಎಂದು ಸಾಗಿಯೊ ಅಂದೇ ಸಂಜೆ ಎಲ್ಲರ ಮುಂದೆ ಹೇಳಿದ. ಮೊದಲನೆಯದು ಸುಳ್ಳು, ಎರಡನೆಯದು ನಿಜ, ಮತ್ತು ಅವನನ್ನು ತಿನ್ನುತ್ತಿದ್ದದ್ದು ಆ ನಿಜವೇ. ಬೇರೆಯವರು ನಲವತ್ತು ಲಾರಿ ಒಟ್ಟಿಗೆ ಬಂದಂತೆ ಇತ್ತು ಎಂದರು. ಅವನ ಕಿವಿಗೆ ಒಂದು ಲಾರಿಯೂ ಬಂದಿರಲಿಲ್ಲ. ಊರಿನವರು ಯಾರೂ ಹೆಚ್ಚು ಕೇಳಲಿಲ್ಲ. "ಹೌದಾ, ಹೌದಾ, ಪಾಪ" ಎಂದು ಚಹಾ ಮುಂದಕ್ಕೆ ತಳ್ಳಿದರು. ಮಾರ್ದಿಯ ಕಾಲು ಜಾರಿರಬೇಕು ಎಂದರು. ಈ ಊರಿನ ಸಭ್ಯತೆಗೆ ಬೆಂಕಿ ಬೀಳಲಿ ಎಂದು ಒಮ್ಮೊಮ್ಮೆ ಅನಿಸುತ್ತದೆ. ಎದುರಿಗೆ ನಿಂತವನ ಮುಖಕ್ಕೆ ನಾಚಿಕೆಯಾಗಬಾರದೆಂದು ಬಾಯಿಗೆ ಬೀಗ ಹಾಕಿಕೊಂಡು ಅವನನ್ನು ಒಳಗೊಳಗೇ ಕೊಳೆಯಲು ಬಿಡುತ್ತಾರೆ. ಮೆಂದುಂಗನ್ನು ಅವನು ಅಂದು ಸಂಜೆಯೇ ಹಾರಿಬಿಟ್ಟ. ಎರಡು ದಿನ ಅದು ಸೂರಿನ ಮೇಲೆ ಬಂದು ಕೂತು ಅಕ್ಕಿಗೆ ಕಾಯಿತು, ಆಮೇಲೆ ಕಾಣಲಿಲ್ಲ.

ಈಗ ಎರಡು ವರ್ಷದ ನಂತರ ಪಾಕ್ ಲೆಗಿಮಾನ್ ಮನೆಗೆ ಬಂದು ಜಗಲಿಯಲ್ಲಿ ಕೂತ. ಸೋಯಾ ಕಾಳಿನ ಕರಿದ ತೆಂಪೆ ಎರಡು ತಿಂದ, ಹವೆಯ ಬಗ್ಗೆ ಮಾತಾಡಿದ, ಇನ್ನೆರಡು ತೆಂಪೆ ತಿಂದ. ಆಮೇಲೆ ವಿಷಯಕ್ಕೆ ಬಂದ. ಕಾವಲಿಗಿದ್ದವನು ಕಾಲಿಮಂತಾನಿನ ತೋಟದ ಕೆಲಸಕ್ಕೆ ಹೊರಟಿದ್ದಾನೆ. ಮಳೆಗಾಲ ಬಂತು. ಗುಡಿಸಲು ಖಾಲಿ ಬೀಳುತ್ತದೆ.

"ನೀನೇ ಬಾ ಗಿಯೊ."

"ನನ್ನ ಕಿವಿ ಕೆಟ್ಟಿದೆ ಪಾಕ್."

"ಪಕ್ಕದ ಮನೇಲಿ ಸೂಜಿ ಬಿದ್ರೆ ಎದ್ದು ಕೂರ್ತೀಯಂತೆ, ಪೈನಾ ಹೇಳಿದ್ಲು."

"ಬೇಕಾದ್ದು ಕೇಳಿಸಲ್ಲ, ಬೇಡದ್ದೆಲ್ಲಾ ಕೇಳಿಸುತ್ತೆ. ಕೆಟ್ಟಿದೆ ಅಂದ್ರೆ ಹಾಗೇ."

ಲೆಗಿಮಾನ್ ಕೈಯೊರೆಸಿಕೊಂಡು ಎದ್ದ. ಮೆಟ್ಟಿಲಿಳಿಯುತ್ತಾ, ಈಗ ನೆನಪಾದವನ ಹಾಗೆ, "ಸಾರಿಂತೆನ್ ಕೂಡ ಹೊಳೆಗೆ ಇಳಿತಿದಾಳೆ. ಕಲ್ಲು ಆರಿಸೋ ಕೆಲಸ, ಹೋದ ತಿಂಗಳಿಂದ" ಎಂದ.

ಸಾರಿಂತೆನ್ ಮಾರ್ದಿಯ ಹೆಂಡತಿ. ಅವಳು ಕೆಳಗೆ, ತಾನು ಮೇಲೆ. ಆಗುವುದಿಲ್ಲ. ಕಿವಿ ಕೆಟ್ಟಿದೆ ಎಂದು ಯಾರಾದರೂ ಕಾಗದದ ಮೇಲೆ ಬರೆದುಕೊಟ್ಟರೆ ಆ ದಿನವೂ ಕಿವಿಯ ತಪ್ಪಾಗುತ್ತದೆ, ಈ ಗುಡಿಸಲಿನ ಪೀಡೆಯೂ ತಪ್ಪುತ್ತದೆ. ಇದೊಂದೇ ದಾರಿ ಅವನಿಗೆ ಕಂಡದ್ದು.

ದಾರಿ ತಾನಾಗಿಯೇ ಊರಿಗೆ ಬಂದಿತ್ತು. ಯೋಗ್ಯಾ ನಗರದ ವಿಶ್ವವಿದ್ಯಾಲಯದ ಪಾಲುಪಿ ಎಂಬ ಹುಡುಗಿ, ಹೊಳೆ ಕಾಯುವವರ ಕಿವಿಯನ್ನೂ ಮಿದುಳನ್ನೂ ಪರೀಕ್ಷೆ ಮಾಡುತ್ತೇನೆಂದು ಊರೂರು ತಿರುಗುತ್ತಿದ್ದಳು. ಪೈನಾ ಗಂಡನನ್ನು ಬಸ್ಸಿಗೆ ಹತ್ತಿಸಿಯೇ ಬಿಟ್ಟಳು.

"ಚೆನ್ನಾಗಿ ನೋಡಿ ಅಂತ ಹೇಳಿ. ತಲೆ ಬಿಚ್ಚಿ ನೋಡಿದ್ರೂ ಪರವಾಗಿಲ್ಲ" ಎಂದು ಕಿಟಕಿಯೊಳಗೆ ಬಾಳೆಹಣ್ಣಿನ ಬೋಂಡಾದ ಪೊಟ್ಟಣ ತುರುಕಿದಳು.

ತಲೆ ಬಿಚ್ಚಲಿಲ್ಲ. ಪಾಲುಪಿ ಅವನ ತಲೆಗೆ ತಂತಿಗಳಿರುವ ಒಂದು ಟೋಪಿ ಹಾಕಿ, ಕೂದಲ ಸಂದಿಗೆಲ್ಲ ತಣ್ಣನೆಯ ಅಂಟು ಹಿಂಡಿ, ಕಿವಿಗೆ ಸದ್ದು ಬರುವ ಬಿರಡೆಗಳನ್ನು ಸಿಕ್ಕಿಸಿದಳು. ಮೊದಲು ಒಂದು ಹಾಸ್ಯದ ಚಿತ್ರ, ಮಾತಿಲ್ಲದ್ದು. "ಚಿತ್ರ ನೋಡ್ತಾ ಇರಿ ಪಾಕ್. ಕಿವಿಯಲ್ಲಿ ಏನೇ ಬಂದ್ರೂ ಗಮನ ಕೊಡ್ಬೇಡಿ" ಎಂದಳು. ಕಿವಿಯಲ್ಲಿ ಪೀಂ, ಪೀಂ, ಪೀಂ ಎಂದು ಒಂದೇ ಸದ್ದು. ಅಪರೂಪಕ್ಕೊಮ್ಮೆ ಒಂದು ಪೀಂ ಬೇರೆ ಶ್ರುತಿಯದು. ಆಮೇಲೆ ಅದೇ ಸದ್ದನ್ನು ಗಮನವಿಟ್ಟು ಕೇಳಿ, ಬೇರೆಯದು ಬಂದಾಗ ಗುಂಡಿ ಒತ್ತಬೇಕಿತ್ತು. ಅದು ಸುಲಭ. ಮೂರನೆಯದು ಜೀವ ತಿಂದಿತು. ಪರದೆಯ ಮೇಲೆ ಅಂಕಿಗಳು ಸರಸರನೆ ಓಡುತ್ತವೆ, ಒಂದೇ ಅಂಕಿ ಎರಡು ಸಲ ಬೆನ್ನುಬೆನ್ನಿಗೆ ಬಂದರೆ ಒತ್ತಬೇಕು. ಕಣ್ಣು ಮಿಟುಕಿಸುವಂತಿಲ್ಲ. ಸಾಗಿಯೊ ಹಲ್ಲು ಕಚ್ಚಿ ಅಂಕಿಗಳ ಹಿಂದೆ ಬಿದ್ದ. ಮುಗಿದ ಮೇಲೆ ಬೆವರು ಒರೆಸಿಕೊಂಡು, "ಈ ಸಲ ಕಿವಿಯಲ್ಲಿ ಸದ್ದು ಹಾಕಲಿಲ್ಲವಾ ಮ್ಬಾಕ್?" ಎಂದು, ಅಕ್ಕ ಎನ್ನುವ ಮರ್ಯಾದೆಯಿಂದ ಕೇಳಿದ.

ಪಾಲುಪಿ ನಕ್ಕಳು. "ಹಾಕಿದ್ದೆ ಪಾಕ್. ಮೊದಲಿನಷ್ಟೇ ಜೋರಾಗಿ."

ಅವನು ಕಿವಿ ಮುಟ್ಟಿ ನೋಡಿಕೊಂಡ.

ಅವಳು ಕಾಗದ ಹರಡಿ ಗೆರೆಗಳನ್ನು ತೋರಿಸಿದಳು. "ಇಲ್ಲಿ ನೋಡಿ. ಬೇರೆ ಶ್ರುತಿ ಬಂದ ಕಡೆಯೆಲ್ಲಾ ಗೆರೆ ಕೆಳಗೆ ಕುಸಿದಿದೆ. ನೀವು ಚಿತ್ರ ನೋಡಿ ನಗ್ತಾ ಇದ್ರಿ, ಆದ್ರೂ ನಿಮ್ಮ ಮಿದುಳು 'ಇದು ಹೊಸದು' ಅಂತ ಗುರುತು ಹಾಕ್ಕೊಂಡಿದೆ. ಗಮನ ಕೊಟ್ಟು ಕೇಳಿದಾಗ ಕುಸಿತದ ಹಿಂದೆ ಈ ಗುಡ್ಡ ಬಂದಿದೆ ನೋಡಿ. ಈ ಗುಡ್ಡ ಬಂದಾಗ್ಲೇ ನಾವು 'ಏನದು' ಅಂತ ತಿರುಗಿ ನೋಡೋದು. ಇನ್ನು ಈ ಅಂಕಿ ಆಟ. ಸಣ್ಣ ಕುಸಿತ ಇದೆ, ಇಲ್ಲ ಅಂತಲ್ಲ. ಗುಡ್ಡ ಇಲ್ಲ."

"ಅಂದ್ರೆ ಕಿವಿ ಕೆಟ್ಟಿದೆ."

"ಅಯ್ಯೋ, ಕಿವಿಗೇನಾಗಿದೆ! ನಿಮ್ಮ ವಯಸ್ಸಿನವರಲ್ಲಿ ಇಂಥಾ ಕಿವಿ ನಾನು ನೋಡೇ ಇಲ್ಲ."

ಇಂಥ ಒಳ್ಳೆಯ ಸುದ್ದಿಗೆ ಇವನ ಮುಖ ಯಾಕೆ ಬಿತ್ತೆಂದು ಅವಳಿಗೆ ತಿಳಿಯಲಿಲ್ಲ. ಸಾಗಿಯೊ ಕಾಗದವನ್ನು ಒಂದು ಬೆರಳಿಂದ ಆಚೆ ಸರಿಸಿದ, ಮತ್ತೆ ಈಚೆ ಎಳೆದುಕೊಂಡ.

"ಒಂದು ಮಾತು ಕೇಳ್ತೀನಿ. ಒಬ್ಬ ಎಚ್ಚರವಾಗೇ ಇದಾನೆ, ನಿದ್ದೆ ಇಲ್ಲ. ಹೊಳೆಯಂಥ ಹೊಳೆ ಬರ್ತಾ ಇದೆ. ಅವನಿಗೆ ಕೇಳಿಸದೇ ಇರೋದು ಉಂಟಾ?"

ಪಾಲುಪಿ ನಗು ನಿಲ್ಲಿಸಿದಳು. "ಪೂರ್ತಿ ಹತ್ತಿರ ಬಂದ ಮೇಲೆ ಕೇಳಿಸುತ್ತೆ ಪಾಕ್. ಶುರುವಿನಲ್ಲಿ ಸಣ್ಣಗೆ ಇರುತ್ತಲ್ಲ, ಆ ಸಣ್ಣ ಸದ್ದು ತಪ್ಪಿಹೋಗಬಹುದು. ಅವನ ಗಮನ ಪೂರ್ತಿ ಬೇರೆ ಯಾವುದರ ಮೇಲಾದ್ರೂ ಇದ್ರೆ."

"ಆ ಸಣ್ಣ ಸದ್ದಲ್ಲೇ ಜನ ಓಡ್ಬೇಕಾಗಿರೋದು ಮ್ಬಾಕ್."

"ಅವನ ಗಮನ ಯಾವುದರ ಮೇಲಿತ್ತು?"

ಸಾಗಿಯೊ ಎದ್ದು ನಿಂತ. ಕೂದಲಿಗೆ ಅಂಟಿದ್ದನ್ನು ತೊಳೆದುಕೊಳ್ಳದೆಯೇ ಹೊರಟುಬಿಟ್ಟ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದ. ಬೋಂಡಾದ ಪೊಟ್ಟಣ ಜೇಬಿನಲ್ಲೇ ಎಣ್ಣೆ ಬಿಟ್ಟಿತು. ಕಿವಿ ತನ್ನ ಕೆಲಸ ಮಾಡಿತ್ತು. ಮಿದುಳೂ ಗುರುತು ಹಾಕಿಕೊಂಡಿತ್ತೇನೋ. ಕೈಗೆ ಮಾತ್ರ ಕೋಲೆತ್ತಲು ಹೇಳುವವನು ಹಕ್ಕಿಯ ಗಂಟಲಲ್ಲಿ ಕೂತಿದ್ದ. ತಪ್ಪು ಹೊರಿಸಲು ಇನ್ನು ಯಾರೂ ಉಳಿದಿರಲಿಲ್ಲ.

ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಸಾರಿಂತೆನ್ ಅಂಗಳದಲ್ಲಿ ಮರಗೆಣಸಿನ ರಾಶಿ ಹಾಕಿಕೊಂಡು ಸಿಪ್ಪೆ ಹೆರೆಯುತ್ತಿದ್ದಳು. ಅವನು ಬಂದು ಬೇಲಿಯ ಹತ್ತಿರ ನಿಂತ, ಮಾವಿನ ಮರದ ಹತ್ತಿರ ಹೋಗಿ ನಿಂತ, ಮತ್ತೆ ಬೇಲಿಗೆ ಬಂದ.

"ಕೂತ್ಕೊಳ್ಳಿ ಕಾಂಗ್. ನಿಂತ್ಕೊಂಡು ಹೇಳೋ ಮಾತಲ್ಲ ಅನ್ಸುತ್ತೆ" ಎಂದಳು ಸಾರಿಂತೆನ್, ಕೈ ನಿಲ್ಲಿಸದೆ.

ಅವನು ಕೂತ. ಹೇಳಿದ. ಪಂಜರಕ್ಕೆ ಬಟ್ಟೆ ಸುತ್ತಿದ್ದು, ವಾಕಿಟಾಕಿಯ ಸದ್ದು ಇಳಿಸಿದ್ದು, ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡದ್ದು, ಐದನೇ ಪೆಟ್ಟಿಗೆ ಕಾದದ್ದು. ಬ್ಯಾಟರಿ ಹೋಗಿರಲಿಲ್ಲ ಎಂದದ್ದು ಕೊನೆಯಲ್ಲಿ. ಹೇಳುತ್ತಾ ಹೇಳುತ್ತಾ ಒಂದು ಗೆಣಸಿನ ತುಂಡನ್ನು ಉಗುರಿಂದ ಗೀರಿ ಗೀರಿ ಪುಡಿ ಮಾಡಿದ್ದ.

"ಮುಗೀತಾ?"

"ಮುಗೀತು."

"ಬ್ಯಾಟರಿ ಭರ್ತಿ ಇತ್ತು. ಪಾಕ್ ಲೆಗಿಮಾನ್ ಆವತ್ತೇ ಸಂಜೆ ಗುಡಿಸ್ಲಿಂದ ತಂದು ನೋಡಿದಾರೆ. ಹಕ್ಕಿ ವಿಷಯ ಊರಿಗೆಲ್ಲಾ ಗೊತ್ತು. ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ, ನಮಗೆ ಗೊತ್ತು ಅನ್ನೋದು."

ಸಾಗಿಯೊನ ಬೆರಳಿಂದ ಗೆಣಸಿನ ಪುಡಿ ಉದುರಿತು.

"ಆ ನಾಲ್ಕು ಜನ ಯಾಕೆ ಓಡಿದ್ರು ಅಂದ್ಕೊಂಡಿದೀರಿ?"

"ಹೊಳೆ ಸದ್ದು ಕೇಳಿ."

"ಅಲ್ಲ. ನಿಮ್ಮ ಟೊಕ್ ಟೊಕ್ ನಿಂತಿತ್ತು, ಅದಕ್ಕೆ. ಹೊಳೆ ಸದ್ದು ಆಮೇಲೆ ಬಂದಿದ್ದು. ಎಲ್ಲರೂ ಸಲಿಕೆ ಬಿಸಾಕಿ ಹೊರಟ್ರಂತೆ." ಅವಳು ಚೂರಿ ಕೆಳಗಿಟ್ಟಳು. "ನಮ್ಮವರೊಬ್ಬರು ನಗ್ತಾ ನಿಂತ್ರಂತೆ. 'ಓಡ್ಬೇಡ್ರೋ, ಏನೂ ಇಲ್ಲ. ಕಾಂಗ್ ಹಕ್ಕಿ ಕೇಳ್ತಾ ಕೂತಿದಾರೆ, ಅದಕ್ಕೇ ಕೈ ತಡೆದಿದಾರೆ' ಅಂದ್ರಂತೆ. ಅಲ್ಲೀವರೆಗೂ ಹಕ್ಕಿ ವಿಷಯ ಗೊತ್ತಿದ್ದಿದ್ದು ಇವರಿಗೊಬ್ಬರಿಗೇ ಅಲ್ವಾ? ಪಾಕ್ ಲೆಗಿಮಾನ್ ಕೈ ಹಿಡಿದು ಎಳೆದ್ರೂ ಬರ್ಲಿಲ್ಲವಂತೆ."

ಮಾರ್ದಿ ತನ್ನನ್ನು ನಂಬಿದ್ದ. ನಂಬಿ, ನಗುತ್ತಾ, ಅವನೂ ಐದನೇ ಪೆಟ್ಟಿಗೆ ಕಿವಿ ಕೊಟ್ಟು ನಿಂತಿದ್ದ. ಸಾಗಿಯೊ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಅವನು ಅತ್ತದ್ದು ಇದೇ ಮೊದಲ ಸಲ. ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ.

ಸಾರಿಂತೆನ್ ಅವನನ್ನು ಸಮಾಧಾನ ಮಾಡಲಿಲ್ಲ. "ನನಗೆ ಸಿಟ್ಟಿರೋದು ಹಕ್ಕಿ ಮೇಲಲ್ಲ ಕಾಂಗ್. ಎರಡು ಲೆಬರಾನ್ ಹಬ್ಬ ಬಂದು ಹೋಯ್ತು. ಹಬ್ಬದ ದಿನ ಬಂದು ನನ್ನ ಕೈ ಹಿಡಿದು 'ತಿಳಿದೂ ತಿಳಿಯದೆಯೂ ಮಾಡಿದ ತಪ್ಪನ್ನೆಲ್ಲಾ ಮನ್ನಿಸು' ಅಂದ್ರಿ, ಎಲ್ಲರೂ ಎಲ್ಲರಿಗೂ ಹೇಳೋ ಹಾಗೆ. ನಾನೂ ಮನ್ನಿಸ್ದೆ ಅಂದೆ. ಯಾವ ತಪ್ಪು ಅಂತ ನೀವು ಹೇಳ್ತೀರೇನೋ ಅಂತ ಎರಡು ಸಲವೂ ಕಾದೆ. ಆಮೇಲೆ ಕೇತುಪತ್ ತಿಂದು, ಚೆನ್ನಾಗಿದೆ ಅಂತ ಹೇಳಿ ಹೋದ್ರಿ."

"ಹೇಗೆ ಹೇಳ್ಲಿ ಅಂತ..."

"ಈಗ ಹೇಳಿದ್ರಲ್ಲ, ಹಾಗೆ."

ಅವಳು ಮತ್ತೆ ಚೂರಿ ತೆಗೆದುಕೊಂಡಳು. ಒಂದು ಗೆಣಸು ಪೂರ್ತಿ ಹೆರೆದಳು.

"ನಾಡಿದ್ದಿಂದ ಗುಡಿಸಲಿಗೆ ಬನ್ನಿ."

"ನನ್ನನ್ನ ನಂಬ್ತೀಯಾ?"

"ನಂಬೋದಾ? ನಂಬಿದವರು ಏನಾದ್ರು ಅಂತ ಈಗ ತಾನೇ ಹೇಳಿದ್ನಲ್ಲ" ಎಂದಳು ಸಾರಿಂತೆನ್. "ನಂಬಲ್ಲ. ನಿಮ್ಮ ಎರಡು ಪೆಟ್ಟು ಆದ ಮೇಲೆ ನಾನು ಕೆಳಗಿಂದ ಸಲಿಕೇಲಿ ಕಲ್ಲಿಗೊಂದು ಹೊಡೀತೀನಿ. ನೀವು ನನ್ನ ಕಾಯ್ಬೇಕು, ನಾನು ನಿಮ್ಮನ್ನ ಕಾಯ್ತೀನಿ. ಪಂಜರ ಗಿಂಜರ ಅಂತ ಕಂಡ್ರೆ ಮೇಲೆ ಬಂದು ಅದೇ ಸಲಿಕೇಲಿ ಹೊಡೀತೀನಿ."

ಹೀಗೆ ಸಾಗಿಯೊ ಮತ್ತೆ ಗುಡಿಸಲು ಹತ್ತಿದ. ಚಡಪಡಿಕೆ ಹೋಯಿತೆಂದು ಯಾರಾದರೂ ತಿಳಿದರೆ ಅದು ಸುಳ್ಳು. ಕೂರುತ್ತಿರಲಿಲ್ಲ. ಬಿದಿರು ಹಾಸಿನ ಮೇಲೆ ಆ ಕೊನೆಯಿಂದ ಈ ಕೊನೆಗೆ ತಿರುಗುತ್ತಿದ್ದ. ವಾಕಿಟಾಕಿ ಎಷ್ಟು ಜೋರಾಗಿ ಇಟ್ಟಿದ್ದನೆಂದರೆ ಮೇಲಿನ ಠಾಣೆಯವನು ಕೆಮ್ಮಿದರೆ ಹೊಳೆಯ ಆಚೆ ದಡಕ್ಕೆ ಕೇಳುತ್ತಿತ್ತು. ಟೊಕ್ ಟೊಕ್ ಎಂದು ಹಾಕಿ ಉಸಿರು ಬಿಗಿಹಿಡಿಯುವನು. ಕೆಳಗೆ ಹಳದಿ ತಲೆವಸ್ತ್ರ ಕಟ್ಟಿದ ಸಾರಿಂತೆನ್ ಸಲಿಕೆಯಿಂದ ಕಪ್ಪು ಬಂಡೆಗೆ ಒಂದು ಹೊಡೆಯುವಳು. ಟಣ್. ಉಸಿರು ಬಿಡುವನು. ಅಗೆಯುವವರು ಮೊದಲ ವಾರ ಗೇಲಿ ಮಾಡಿದರು. "ಏನ್ರಪ್ಪಾ, ಮೇಲಿಂದ ಟೊಕ್ ಟೊಕ್, ಕೆಳಗಿಂದ ಟಣ್, ಮದುವೆ ಗಾಮೆಲಾನ್ ವಾದ್ಯ ಆಯ್ತಲ್ಲ! ಊಟ ಯಾವಾಗ?" ಎಂದರು. ಎರಡನೇ ವಾರಕ್ಕೆ ಅವರ ಕಿವಿಯಿಂದ ಅದೂ ಮಾಯವಾಯಿತು.

ಮೂರನೇ ವಾರದ ಒಂದು ದಿನ, ಹೆಚ್ಚೂ ಕಡಿಮೆ ಅದೇ ಹೊತ್ತು. ಬೆಟ್ಟದ ತುದಿಯಲ್ಲಿ ಬಿಳಿ ಮೋಡ, ಮಳೆಯಿಲ್ಲ ಎಂದು ಮೇಲಿನ ಠಾಣೆ ಆಗ ತಾನೇ ಹೇಳಿತ್ತು. ಸಾಗಿಯೊ ಲೋಟಕ್ಕೆ ಚಹಾ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದಿದ್ದ. ಟೊಕ್ ಟೊಕ್ ಹಾಕಿದ. ಕಾದ.

ಟಣ್ ಬರಲಿಲ್ಲ.

ಲೋಟ ಎಲ್ಲಿ ಬಿತ್ತೋ ಅವನಿಗೆ ಗೊತ್ತಿಲ್ಲ. ಯಾಕೆ, ಏನು ಎಂದು ಮನಸ್ಸು ಕೇಳುವ ಮೊದಲೇ ಕೈ ಬಡಿಯತೊಡಗಿತ್ತು. ಅಪ್ಪನ ಕೆಂತೋಂಗನ್ ಸೀಳಿಹೋಗುವ ಹಾಗೆ ಬಡಿದ. ಕೆಳಗೆ ಸಲಿಕೆ, ಜರಡಿ ಎಲ್ಲ ಬಿದ್ದವು. ಜನ ಬಿದ್ದು ಎದ್ದು ದಂಡೆ ಹತ್ತಿದರು. ಅರ್ಧ ತುಂಬಿದ ಲಾರಿ ಹಿಂದಕ್ಕೆ ತಿರುಗಿ ಮರಳು ಚೆಲ್ಲಿಕೊಂಡೇ ಏರಿ ಬಂತು. ಎಲ್ಲರೂ ಏದುಸಿರು ಬಿಡುತ್ತಾ ಹೊಳೆಯ ಮೇಲುಭಾಗದ ಕಡೆ ನೋಡಿದರು. ಹೊಳೆಯಲ್ಲಿ ಮೊಣಕಾಲುದ್ದ ತಿಳಿನೀರು, ಅದರಲ್ಲಿ ಎರಡು ಬಾತು.

"ಏನ್ ಗಿಯೊ, ಬಾತುಕೋಳಿಗೆಲ್ಲಾ ಓಡ್ಸೋಕೆ ಶುರು ಮಾಡಿದ್ಯಾ?" ಎಂದ ಲಾರಿಯವನು.

"ಅವರನ್ನ ಬೈಬೇಡಿ. ನಾನೇ ಸಲಿಕೆ ನಿಲ್ಲಿಸ್ದೆ" ಎಂದಳು ಸಾರಿಂತೆನ್. ಎಲ್ಲರಿಗಿಂತ ಕೊನೆಯಲ್ಲಿ ಅವಳು ನಿಧಾನವಾಗಿ ಹತ್ತಿ ಬಂದಿದ್ದಳು. ತಲೆವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡು ಸಾಗಿಯೊನ ಮುಂದೆ ನಿಂತಳು. ಅವನು ಇನ್ನೂ ಕೋಲು ಬಿಟ್ಟಿರಲಿಲ್ಲ.

"ಬೇಕೂಂತ್ಲೇ ನಿಲ್ಲಿಸ್ದೆ ಕಾಂಗ್, ನೋಡೋಣ ಅಂತ. ಅದು ಅಷ್ಟೊತ್ತಿಂದ ಕೂಗ್ತಿತ್ತಲ್ಲ, ಗುಡಿಸಲ ಪಕ್ಕದ ಮರದಲ್ಲೇ, ಐದೈದು ಪೆಟ್ಟು. ಕೆಳಗೆ ನಾವೆಲ್ಲಾ ಕೆಲಸ ಬಿಟ್ಟು ಕೇಳಿದ್ವಿ. ನಿಮ್ಮ ಹಕ್ಕೀನೇ ಇರ್ಬೇಕು."

ಸಾಗಿಯೊ ಅವಳ ಮುಖ ನೋಡಿದ, ಪಕ್ಕದ ಮರ ನೋಡಿದ, ಮತ್ತೆ ಅವಳ ಮುಖ ನೋಡಿದ.

"ಯಾವ ಹಕ್ಕಿ?" ಎಂದ.

ಸಾರಿಂತೆನ್ ಅವನ ಕೈಯಲ್ಲಿದ್ದ ಕೋಲನ್ನೊಮ್ಮೆ ನೋಡಿದಳು. ಆಮೇಲೆ ತಲೆವಸ್ತ್ರ ಬಿಗಿಯಾಗಿ ಕಟ್ಟಿಕೊಂಡು ಹೊಳೆಗೆ ಇಳಿದಳು.